ಬಿಟ್ಟುಹೋದ ಒಂದು ಸ್ಟಾಪ್

ನಮ್ಮ ಹಿರೇಕೆರೂರ ಅತ್ತೆಯ ಟ್ರಂಕಿನ ತಳದಲ್ಲಿ, ಇಳಕಲ್ ಸೀರೆಗಳ ಕೆಳಗೆ, ನಾಲ್ಕು ಮಡಿಕೆಯ ಒಂದು ತಾರಿನ ಕಾಗದವಿತ್ತು. ನಮ್ಮ ಕಡೆ ತಂತಿಗೆ ತಾರು ಎನ್ನುವುದೇ ರೂಢಿ. ತಾರು ಬಂತೆಂದರೆ ಓಣಿಯ ಹೆಂಗಸರು ಓದಿಸುವುದಕ್ಕೂ ಮೊದಲೇ ಅಳಲು ಶುರು ಮಾಡುತ್ತಿದ್ದ ಕಾಲ ಅದು. ಆದರೆ ಅತ್ತೆ ಕಾಪಾಡಿಕೊಂಡು ಬಂದದ್ದು ಸಾವಿನ ತಾರಲ್ಲ, ಅವಳದೇ ಮದುವೆಯ ಮಾತುಕತೆಯದು.

1961ನೆಯ ಇಸವಿ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಲ್ಲವೂ ಆಗ ಧಾರವಾಡ ಜಿಲ್ಲೆಯ ತಾಲೂಕುಗಳು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ನಮ್ಮ ಅಜ್ಜನ ಮನೆ ಹಾನಗಲ್ಲಿನಲ್ಲಿ. ಅಜ್ಜನ ತಮ್ಮ ಶಿಗ್ಗಾವಿಯಲ್ಲಿ ಸಾಲಿ ಮಾಸ್ತರರು. ನಾವು ಮೊಮ್ಮಕ್ಕಳು ಅವರನ್ನು ಶಿಗ್ಗಾವಿ ಅಜ್ಜ ಎಂದೇ ಕರೆಯುತ್ತಿದ್ದೆವು. ಅತ್ತೆಗೆ ಆಗ 17 ವರ್ಷ. ಮುಲ್ಕಿ ಪರೀಕ್ಷೆ ಪಾಸಾಗಿ ಮನೆಯಲ್ಲಿದ್ದಳು. ಎರಡು ಕಡೆಯಿಂದ ಕೇಳಿಕೆ ಬಂದಿತ್ತು. ಸವಣೂರಿನ ಹುಡುಗ ಮಾಸ್ತರ, ಹೊಲಮನೆ ಅಷ್ಟಕ್ಕಷ್ಟೆ. ಹಿರೇಕೆರೂರಿನವರದು ಹತ್ತಿ, ಜೋಳ ಬೆಳೆಯುವ ತುಂಬಿದ ಮನೆತನ. ಸವಣೂರಿನವರನ್ನು ಕಂಡು ಮಾತಾಡಿ ಬರುವ ಕೆಲಸ ಶಿಗ್ಗಾವಿ ಅಜ್ಜನ ಪಾಲಿಗೆ ಬಂತು. ಅವರು ಹೋಗಿ ನೋಡಿದರು. ಸವಣೂರಿನವರು ಹುಡುಗಿಯನ್ನು ಒಪ್ಪಿದ್ದೇವೆ ಅಂದರು. ಅಷ್ಟೇ ಅಲ್ಲ, ಮದುವೆಯಾದ ಮೇಲೆ ಧಾರವಾಡಕ್ಕೆ ಕಳಿಸಿ ಮಾಸ್ತರಕಿಯ ಟ್ರೇನಿಂಗ್ ಮಾಡಿಸುತ್ತೇವೆ ಅಂದರು. ಶಿಗ್ಗಾವಿ ಅಜ್ಜನಿಗೆ ಕುಣಿಯುವಷ್ಟು ಸಂತೋಷ. ಶಾಲೆ ಬಿಟ್ಟು ಹಾನಗಲ್ಲಿಗೆ ಬರುವಂತಿರಲಿಲ್ಲ. ರವಿವಾರಕ್ಕೆ ಮೂರೇ ದಿನ ಉಳಿದಿತ್ತು. ತಾರು ಮಾಡಿದರು.

ಅವರು ಫಾರ್ಮಿನ ಮೇಲೆ ಇಂಗ್ಲಿಷಿನಲ್ಲಿ ಬರೆದುಕೊಟ್ಟದ್ದು ಇಷ್ಟು: ಗರ್ಲ್ ಅಪ್ರೂವ್ಡ್ ಸವಣೂರ ಸ್ಟಾಪ್ ಸ್ಟಾಪ್ ಟಾಕ್ಸ್ ಹಿರೇಕೆರೂರ ಸ್ಟಾಪ್ ಕಮ್ ಸಂಡೇ.

ಇದರಲ್ಲಿ ಮೂರು ಸ್ಟಾಪ್ ಇವೆ. ಮೊದಲನೆಯದು ಮತ್ತು ಕೊನೆಯದು ವಾಕ್ಯ ಮುಗಿಯಿತು ಎಂಬುದರ ಗುರುತು, ನಾವು ಪತ್ರದಲ್ಲಿ ಇಡುವ ಚುಕ್ಕೆ. ನಡುವಿನದು ಗುರುತಲ್ಲ, ಮಾತು: ನಿಲ್ಲಿಸಿರಿ. ಸವಣೂರಿನವರಿಗೆ ಹುಡುಗಿ ಒಪ್ಪಿಗೆಯಾಗಿದ್ದಾಳೆ, ಹಿರೇಕೆರೂರಿನ ಮಾತುಕತೆ ನಿಲ್ಲಿಸಿರಿ, ರವಿವಾರ ಬರ್ರಿ.

ಹಾನಗಲ್ಲಿನ ನಮ್ಮ ಮನೆಗೆ ಬಂದು ಮುಟ್ಟಿದ ಕಾಗದದಲ್ಲಿ ಸವಣೂರ ಎಂಬುದರ ಮುಂದೆ ಒಂದೇ ಸ್ಟಾಪ್ ಇತ್ತು.

ಆ ಕಾಲದ ತಾರು ಕೈಯಿಂದ ಕೈಗೆ ದಾಟಿ ಬರುತ್ತಿತ್ತು. ಒಬ್ಬರು ಕೀಲಿ ಒತ್ತಿ ಕಟ್ಟು-ಕಡ ಎಂದು ಕಳಿಸಬೇಕು. ಇನ್ನೊಂದು ಊರಿನಲ್ಲಿ ಇನ್ನೊಬ್ಬರು ಅದನ್ನು ಕಿವಿಯಿಂದ ಕೇಳಿ ಬರೆದುಕೊಳ್ಳಬೇಕು. ಎಷ್ಟೋ ಸಲ ಅಲ್ಲಿಂದ ಮುಂದಿನ ಊರಿಗೆ ಮತ್ತೆ ಅದೇ ಕೆಲಸ. ನಡುವೆ ಎಲ್ಲೋ ಯಾರೋ ಒಂದೇ ಶಬ್ದ ಎರಡು ಸಲ ಬಂದದ್ದು ನೋಡಿ, ಕೈತಪ್ಪು ಎಂದು ತಿಳಿದು ಒಂದನ್ನು ಬಿಟ್ಟಿದ್ದಾರೆ. ನಾವೂ ಹಾಗೇ ಮಾಡುತ್ತೇವೆ. ಸಾಮಾನಿನ ಚೀಟಿಯಲ್ಲಿ ‘ಬೆಲ್ಲ ಬೆಲ್ಲ’ ಎಂದಿದ್ದರೆ ಯಾರು ತಾನೇ ಎರಡು ಸಲ ಬೆಲ್ಲ ತರುತ್ತಾರೆ?

ಓಣಿಯ ವಕೀಲರು ತಾರು ಓದಿ ಅರ್ಥ ಹೇಳಿದರು: ‘ಸವಣೂರವರು ಒಪ್ಯಾರ. ಮಾತುಕತಿ ಹಿರೇಕೆರೂರಾಗ. ರವಿವಾರ ಬರ್ರಿ ಅಂದಾರ.’ ಅಜ್ಜನಿಗೆ ಸ್ವಲ್ಪ ಗೊಂದಲವಾಯಿತು. ಸವಣೂರಿನವರ ಬೀಗರು ಯಾರೋ ಹಿರೇಕೆರೂರಿನಲ್ಲಿರಬೇಕು ಅಂದುಕೊಂಡ. ರವಿವಾರ ತೆಂಗಿನಕಾಯಿ, ಉತ್ತತ್ತಿ, ಸಕ್ಕರೆ ಕಟ್ಟಿಕೊಂಡು ಹಿರೇಕೆರೂರ ಮೋಟಾರು ಹತ್ತಿದ. ಅಲ್ಲಿ ಇಳಿದವನಿಗೆ ಗುರುತಿದ್ದದ್ದು ಒಂದೇ ಮನೆ, ಮೊದಲು ಕೇಳಿಕೆ ಬಂದಿದ್ದ ಮನೆ. ಕಾಯಿ ಸಕ್ಕರೆ ಹಿಡಿದುಕೊಂಡು ಕನ್ಯೆಯ ತಂದೆ ತಾನಾಗಿ ಬಾಗಿಲಿಗೆ ಬಂದರೆ ಅವರು ಏನು ತಿಳಿಯಬೇಕು? ಕಾಲಿಗೆ ನೀರು ಕೊಟ್ಟರು, ಹಿರಿಯರನ್ನು ಕರೆಸಿದರು. ಅಜ್ಜನ ನಾಲಿಗೆ ಏಳಲಿಲ್ಲ. ಸಂಜೆಯ ಹೊತ್ತಿಗೆ ಮಾತು ಕೊಟ್ಟು ಬಂದಿದ್ದ. ಅದೇ ದಿನ ಸವಣೂರಿನಲ್ಲಿ ಶಿಗ್ಗಾವಿ ಅಜ್ಜ ಬೀಗರಾಗಬೇಕಾದವರ ಜಗುಲಿಯ ಮೇಲೆ ಕತ್ತಲಾಗುವ ತನಕ ಕಾದು ಕೂತಿದ್ದರಂತೆ.

ಇದು ನಮ್ಮ ಮನೆಯ ಕಥೆ. ಆದರೆ ಇದರ ಹಿಂದೆ ಇರುವ ತೊಡಕು ನಮ್ಮ ಮನೆಗಿಂತ ದೊಡ್ಡದು, ಹಳೆಯದು. ಗುರುತಿಗಾಗಿ ಇಟ್ಟುಕೊಂಡ ಒಂದು ಶಬ್ದವನ್ನೇ ಮಾತಾಗಿ ಹೇಳಬೇಕಾದಾಗ ಏನು ಮಾಡುವುದು ಎಂಬುದೇ ಆ ತೊಡಕು.

ಹಾನಗಲ್ಲಿನ ತಾರಕೇಶ್ವರ ಗುಡಿಯ ಶಾಸನಗಳ ಮೇಲೆ ನಾವು ಸಣ್ಣವರಿದ್ದಾಗ ಬೆರಳಾಡಿಸುತ್ತಿದ್ದೆವು. ಹಳೆಯ ಶಾಸನದಲ್ಲಿ ಶಬ್ದ ಶಬ್ದದ ನಡುವೆ ಜಾಗವಿಲ್ಲ. ಅಕ್ಷರಕ್ಕೆ ಅಕ್ಷರ ಹತ್ತಿಕೊಂಡು ಸಾಲು ಹರಿಯುತ್ತದೆ, ಕಲ್ಲಿನ ಅಂಚು ಬಂದಲ್ಲಿ ಶಬ್ದದ ನಡುವೆಯೇ ಮುರಿದು ಕೆಳಗಿಳಿಯುತ್ತದೆ. ಪುರಾಣದ ಪುಸ್ತಕ ಓದುವವರಿಗೆ ಗೊತ್ತು, ಅರ್ಧ ಶ್ಲೋಕಕ್ಕೆ ಒಂದು ನಿಂತ ಗೆರೆ, ಶ್ಲೋಕ ಮುಗಿದಲ್ಲಿ ಎರಡು. ಆ ಗೆರೆಯನ್ನು ಯಾರೂ ಬಾಯಿಂದ ಉಚ್ಚರಿಸುವುದಿಲ್ಲ. ಅದು ಅಕ್ಷರವಲ್ಲ, ಗುರುತು. ಅಕ್ಷರಗಳ ಸಾಲೇ ಬೇರೆ, ಗುರುತುಗಳ ಸಾಲೇ ಬೇರೆ ಆಗಿರುವಾಗ ಗೊಂದಲಕ್ಕೆ ಜಾಗವಿಲ್ಲ.

ತಾರಿನಲ್ಲಿ ಈ ಭೇದ ಅಳಿಸಿಹೋಯಿತು. ನಮ್ಮ ದೇಶದಲ್ಲಿ ಓಶಾನೆಸ್ಸಿ ಎಂಬ ವೈದ್ಯ ಕಲಕತ್ತೆಯಲ್ಲಿ 1839ರಲ್ಲೇ ತಂತಿಯ ಪ್ರಯೋಗ ಮಾಡಿದ್ದ. 1850-51ರಲ್ಲಿ ಕಲಕತ್ತೆಯಿಂದ ಡೈಮಂಡ್ ಹಾರ್ಬರಿನ ತನಕ ಮೊದಲ ಸಾಲು ಎದ್ದಿತು. 1855ರಿಂದ ಸಾರ್ವಜನಿಕರೂ ತಂತಿ ಕಳಿಸತೊಡಗಿದರು. ಮೋರ್ಸ್ ಸಂಕೇತದಲ್ಲಿ ಪೂರ್ಣವಿರಾಮಕ್ಕೆ ತನ್ನದೇ ಆದ ಗುರುತಿದೆ: ಒಂದು ಗಿಡ್ಡ ಸದ್ದು, ಒಂದು ಉದ್ದ ಸದ್ದು, ಹೀಗೆ ಮೂರು ಸಲ. ಆದರೂ ಸ್ಟಾಪ್ ಎಂದು ಪೂರಾ ಶಬ್ದವನ್ನೇ ಬರೆಯುವ ರೂಢಿ ಬಿದ್ದು, ಮೊದಲ ಮಹಾಯುದ್ಧದ ಕಾಲದಲ್ಲಿ ಬಹಳ ಹರಡಿತು. ಸಣ್ಣ ಚುಕ್ಕೆ ಕಣ್ಣು ತಪ್ಪಬಹುದು, ಇಡೀ ಶಬ್ದ ತಪ್ಪಲಾರದು ಎಂಬ ಭರವಸೆ. ಆದರೆ ಗುರುತು ಶಬ್ದದ ಸೀರೆ ಉಟ್ಟ ಮೇಲೆ ಶಬ್ದ ಯಾವುದು, ಗುರುತು ಯಾವುದು? ಪರವೂರಿನವರಿಗೆ ಹೇಗೆ ತಿಳಿಯಬೇಕು?

ಅಂಕಿಗಳದೂ ಇಂಥದೇ ಪೇಚಾಟ. ಮದುವೆಗೆ, ಹಬ್ಬಕ್ಕೆ ಶುಭಾಶಯದ ತಾರು ಕಳಿಸುವವರು ಪೂರಾ ವಾಕ್ಯ ಬರೆಯಬೇಕಾಗಿರಲಿಲ್ಲ. ಇಲಾಖೆಯವರೇ ವಾಕ್ಯಗಳ ಪಟ್ಟಿ ಮಾಡಿ ನಂಬರು ಕೊಟ್ಟಿದ್ದರು. 1 ಎಂದರೆ ದೀಪಾವಳಿಯ ಶುಭಾಶಯ, 8 ಎಂದರೆ ದೀರ್ಘವೂ ಸುಖಮಯವೂ ಆದ ದಾಂಪತ್ಯದ ಹಾರೈಕೆ. ಕಳಿಸುವವರು 8 ಎಂದು ಬರೆದರೆ ಮದುಮಕ್ಕಳ ಕೈಗೆ ಚಿತ್ತಾರದ ಕಾಗದದ ಮೇಲೆ ಇಡೀ ಹಾರೈಕೆ ಬರುತ್ತಿತ್ತು. ಆದರೆ ಅದೇ 8 ಸಾದಾ ತಾರಿನಲ್ಲಿ ಬಂದರೆ ಎಂಟು ಜನ ಬರುತ್ತೇವೆ ಎಂದೋ, ಎಂಟನೆಯ ತಾರೀಖು ಎಂದೋ ಅರ್ಥ. ಯಾವುದು ಅಂಕಿ, ಯಾವುದು ಹಾರೈಕೆ ಎಂದು ಬೇರೆ ಮಾಡಿ ಹೇಳುವ ಕಟ್ಟಳೆ ಇದ್ದುದರಿಂದಲೇ ಅದು ನಡೆಯಿತು.

ದೊಡ್ಡ ಊರುಗಳಿಗೆ ಟೆಲಿಪ್ರಿಂಟರ್ ಬಂದಾಗ ಇನ್ನೊಂದು ಉಪಾಯ ಕಂಡಿತು. ಫ್ರಾನ್ಸಿನ ಬೋದೋ ಎಂಬಾತ 1874ರಲ್ಲಿ ರೂಪಿಸಿದ ಪದ್ಧತಿಯ ಮಕ್ಕಳು ಮೊಮ್ಮಕ್ಕಳು ಈ ಯಂತ್ರಗಳು. ಪ್ರತಿ ಅಕ್ಷರಕ್ಕೂ ಐದು ತುಣುಕಿನ ಸಂಕೇತ. ಐದು ತುಣುಕುಗಳಿಂದ ಆಗುವುದು 32 ಸಂಕೇತ ಮಾತ್ರ. ಇಂಗ್ಲಿಷಿನ 26 ಅಕ್ಷರಗಳಿಗೇ ಅದು ಹೆಚ್ಚುಕಡಿಮೆ ಮುಗಿಯಿತು, ಅಂಕಿಗಳಿಗೆ ಉಳಿಯಲಿಲ್ಲ. ಅದಕ್ಕೆ ಎರಡು ಸಂಕೇತಗಳನ್ನು ಬೇರೆ ಇಟ್ಟರು. ಒಂದು ಬಂದರೆ ‘ಇನ್ನು ಮುಂದೆ ಬರುವುದೆಲ್ಲ ಅಂಕಿ’ ಎಂದರ್ಥ, ಇನ್ನೊಂದು ಬಂದರೆ ‘ಇನ್ನು ಮುಂದೆ ಅಕ್ಷರ’. ಕ್ಯೂ ಎಂಬ ಅಕ್ಷರಕ್ಕೂ 1 ಎಂಬ ಅಂಕಿಗೂ ಒಂದೇ ಸಂಕೇತ. ದಾರಿಯಲ್ಲಿ ಆ ಮುನ್ಸೂಚನೆ ಒಂದು ಕಳೆದುಹೋದರೆ ಸಾಕು, ಹತ್ತಿಯ ಧಾರಣೆ ಹೋಗಿ ಅರ್ಥವಿಲ್ಲದ ಅಕ್ಷರಗಳ ರಾಶಿ ಬಂದು ಬೀಳುತ್ತಿತ್ತು.

ಇಷ್ಟೆಲ್ಲ ನನಗೆ ತಿಳಿದದ್ದು ತಂಗಿಯ ಮಗಳಿಂದ. ಅವಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಯಲ್ಲಿದ್ದಾಳೆ. ಅವಳ ಕೆಲಸ ಏನೆಂದು ಕೇಳಿದರೆ, ಒಂದು ಯಂತ್ರ ಇನ್ನೊಂದು ಯಂತ್ರಕ್ಕೆ ಸಂದೇಶ ಕಳಿಸುವಾಗ ಹೇಗೆ ಬರೆಯಬೇಕು, ಹೇಗೆ ಓದಬೇಕು ಎಂಬ ಕಟ್ಟಳೆಗಳನ್ನು ತಿದ್ದಿ ಸ್ಪಷ್ಟ ಮಾಡುವುದು ಎನ್ನುತ್ತಾಳೆ. 2013ರ ಜುಲೈ 14ಕ್ಕೆ ನಮ್ಮ ದೇಶದಲ್ಲಿ ತಂತಿ ಸೇವೆ ಕೊನೆಯಾಯಿತಲ್ಲ, ಆ ವಾರ ಅವಳು ರಜೆಗೆ ಬಂದಿದ್ದಳು. ನಾವಿಬ್ಬರೂ ಹಿರೇಕೆರೂರಿಗೆ ಅತ್ತೆಯನ್ನು ನೋಡಲು ಹೋದೆವು. ಟಿವಿಯಲ್ಲಿ ಕೊನೆಯ ತಾರು ಕಳಿಸಲು ಸಾಲುಗಟ್ಟಿ ನಿಂತ ಜನರನ್ನು ತೋರಿಸುತ್ತಿದ್ದರು. ಆಗ ಅತ್ತೆ ಎದ್ದು ಹೋಗಿ ಟ್ರಂಕಿನಿಂದ ಆ ಕಾಗದ ತಂದು ಹುಡುಗಿಯ ಕೈಗಿಟ್ಟಳು.

ಹುಡುಗಿ ಓದಿ, ಕಥೆ ಕೇಳಿ ಗಲ್ಲಕ್ಕೆ ಕೈ ಇಟ್ಟುಕೊಂಡಳು. ‘ಅಜ್ಜಿ, ನಾವು ದಿನಾ ಬಡಿದಾಡೂದು ಇದರ ಸಲುವಾಗೇ ಅದ’ ಅಂದಳು.

ಅತ್ತೆಗೆ ತಿಳಿಯುವಂತೆ ಹೇಳಬೇಕಲ್ಲ, ಅವಳು ರಂಗೋಲಿಯ ಲೆಕ್ಕ ಹಿಡಿದಳು. ‘ಇ-ಮೇಲ್ ಅಂತ ಪತ್ರ ಕಳಸ್ತಾರಲ್ಲ, ಅದರ ಕಟ್ಟಳೆ ಬರದಾವ ಜಾನ್ ಪೋಸ್ಟೆಲ್ ಅಂತ, ಅಮೇರಿಕಾದಾವ, 1982ರಾಗ. ಪತ್ರ ಎಲ್ಲಿ ಮುಗೀತು ಅಂತ ಯಂತ್ರಕ್ಕ ಹೆಂಗ ಗೊತ್ತಾಗಬೇಕು? ಒಂದು ಸಾಲಿನ್ಯಾಗ ಬರೇ ಒಂದು ಚುಕ್ಕಿ ಇದ್ರ ಪತ್ರ ಮುಗೀತು ಅಂತ ಅವ ಗುರುತು ಇಟ್ಟ. ಈಗ ನಾ ನಿಮಗ ಏಳರ ಚುಕ್ಕಿ ರಂಗೋಲಿ ಬರದು ಕಳಸ್ತೀನಿ ಅಂತ ತಿಳಿರಿ. ಎಡಗಡೆ ಅಂಚಿಗೆ ಹಚ್ಚಿ ಮೊದಲ ಸಾಲಿಗೆ ಏಳು ಚುಕ್ಕಿ, ಆಮ್ಯಾಲ ಐದು, ಮೂರು, ಒಂದು. ಅದರ ಕೆಳಗ ಬಣ್ಣ ಹೆಂಗ ತುಂಬೂದು ಅಂತ ಬರದೀನಿ. ಆ ಒಂದು ಚುಕ್ಕಿಯ ಸಾಲು ಬಂತಂದ್ರ?’

‘ಪತ್ರ ಅಲ್ಲೇ ಮುಗೀತು. ಬಣ್ಣ ಹ್ವಾದ್ವು’ ಅಂದಳು ಅತ್ತೆ.

‘ಹೌದಲ್ಲ? ಅದಕ್ಕ ಪೋಸ್ಟೆಲ್ ಏನ್ ಮಾಡ್ಯಾನ, ಕಳಸೋ ಯಂತ್ರ ಪ್ರತಿ ಸಾಲಿನ ಮೊದಲನೇ ಅಕ್ಷರ ನೋಡಬೇಕು. ಅದು ಚುಕ್ಕಿ ಇದ್ರ ಅದರ ಮುಂದ ಇನ್ನೊಂದು ಚುಕ್ಕಿ ಸೇರಸಬೇಕು. ಒಂದು ಇದ್ದದ್ದು ಎರಡಾತು, ಏಳು ಇದ್ದದ್ದು ಎಂಟಾತು. ತಗೊಳ್ಳೋ ಯಂತ್ರ ಸಾಲು ನೋಡತೈತಿ. ಬರೇ ಒಂದು ಚುಕ್ಕಿ ಇದ್ರ ಪತ್ರ ಮುಗೀತು. ಚುಕ್ಕಿಯಿಂದ ಶುರುವಾಗಿ ಅದರ ಮುಂದ ಇನ್ನೇನಾರ ಇದ್ರ ಮೊದಲನೇ ಚುಕ್ಕಿ ಒಂದನ್ನ ತಗದು ಹಾಕತೈತಿ. ರಂಗೋಲಿ ಹೆಂಗಿತ್ತೋ ಹಂಗ ಮುಟ್ಟತೈತಿ.’

ಆ ಕಟ್ಟಳೆಯ ಪತ್ರಕ್ಕೆ ಆಗ 821 ಎಂದು ನಂಬರು ಕೊಟ್ಟರಂತೆ. 2001ರಲ್ಲಿ ಒಮ್ಮೆ, 2008ರಲ್ಲಿ ಮತ್ತೊಮ್ಮೆ ಅದನ್ನು ತಿದ್ದಿ ಹೊಸದಾಗಿ ಬರೆದರು. ಚುಕ್ಕಿಯ ನಿಯಮ ಮಾತ್ರ ಹಾಗೇ ಉಳಿದಿದೆ. ಗುರುತನ್ನು ಮಾತಾಗಿ ಬಳಸಬೇಕಾದಾಗ ಅದನ್ನು ಎರಡು ಸಲ ಬರೆಯುವುದು, ಇಲ್ಲವೇ ಅದರ ಮುಂದೆ ‘ಇದು ಗುರುತಲ್ಲ’ ಎಂಬ ಇನ್ನೊಂದು ಚಿಹ್ನೆ ಇಡುವುದು, ಯಂತ್ರದ ಲೋಕದಲ್ಲಿ ಈ ಎರಡೇ ದಾರಿಗಳು ಹೆಚ್ಚು ನಡೆಯುತ್ತವೆ. ಮೊಬೈಲಿನ ಎಸ್ಸೆಮ್ಮೆಸ್ಸಿನಲ್ಲೂ ಇದು ಇದೆ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ. ಚೌಕದ ಕಂಸ ಹಾಕಿದರೆ ಅದರ ಹಿಂದೆ ಒಂದು ಮುನ್ಸೂಚನೆಯೂ ಕೂಡಬೇಕು, ಹಾಗಾಗಿ ಅದಕ್ಕೆ ಎರಡು ಅಕ್ಷರದ ಜಾಗ. ನಾವು ಕನ್ನಡದಲ್ಲಿ ಬರೆದರೆ ಸಾಮಾನ್ಯವಾಗಿ ಯೂನಿಕೋಡಿಗೆ ಹೊರಳಿ ಆ 160 ಇದ್ದದ್ದು 70ಕ್ಕೆ ಇಳಿಯುತ್ತದೆ.

ಅತ್ತೆ ಇದನ್ನೆಲ್ಲ ಲಕ್ಷ್ಯವಿಟ್ಟು ಕೇಳಿ ಒಂದು ಪ್ರಶ್ನೆ ಕೇಳಿದಳು. ‘ಅಂದ್ರ ನಡುವ ಇರೋ ಯಂತ್ರ ತಗಿಯಂಗಿಲ್ಲ?’

‘ತಗಿಯಂಗಿಲ್ಲ ಅಜ್ಜಿ. ಸೇರಸೋರು ಯಾರು, ತಗಿಯೋರು ಯಾರು ಅಂತ ಬರದಿರಬೇಕು. ಇಬ್ಬರು ತಗದ್ರ ಮಾತು ಹೋಗತೈತಿ. ಯಾರೂ ತಗೀದಿದ್ರ ಒಂದು ಹೆಚ್ಚಾಗತೈತಿ. ಜಗಳ ಎಲ್ಲಾ ಅದರಾಗೇ.’

ಆ ಮಾತು ಕೇಳಿದಾಗ ನನಗೆ ನಮ್ಮ ಹೆಂಗಸರು ಒಬ್ಬರ ಕೈಯಲ್ಲಿ ಒಬ್ಬರು ಹೇಳಿ ಕಳಿಸುವ ಮಾತುಗಳು ನೆನಪಾದವು. ‘ನಾಳೆ ಬರ್ತೀನಿ ಅಂತ ಹೇಳು ಅಂತ ಅತ್ತಿ ಹೇಳ್ಯಾಳ’ ಎಂದು ಮಗು ಬಂದು ಹೇಳುತ್ತದೆ. ಇದರಲ್ಲಿ ಎರಡು ‘ಅಂತ’ ಇವೆ. ಮೊದಲನೆಯ ಅಂತ ಬರುವವಳ ಮಾತನ್ನು ಮುಗಿಸುತ್ತದೆ, ಎರಡನೆಯದು ಅತ್ತೆಯ ಅಪ್ಪಣೆಯನ್ನು ಮುಗಿಸುತ್ತದೆ. ಮಗು ಅವಸರದಲ್ಲಿ ನಡುವಿನದನ್ನು ನುಂಗಿ ‘ನಾಳೆ ಬರ್ತೀನಿ ಅಂತ ಅತ್ತಿ ಹೇಳ್ಯಾಳ’ ಅಂದರೆ ಬರುವವಳೇ ಬದಲಾಗಿ ಹೋದಳು. ಹಾಗಿದ್ದರೂ ನಮ್ಮ ಓಣಿಯ ವ್ಯವಹಾರ ನಡೆದೇ ಇದೆ. ಯಾಕೆಂದರೆ ಸಂಶಯ ಬಂದರೆ ನಾವು ಬಾಗಿಲಿಗೆ ಬಂದು ‘ಯಾರು ಬರ್ತಾರಂತ?’ ಎಂದು ತಿರುಗಿ ಕೇಳುತ್ತೇವೆ.

ತಾರಿನಲ್ಲೂ ತಿರುಗಿ ಕೇಳಲು ದಾರಿಯಿತ್ತು. ಜವಾಬಿ ತಾರು ಎಂದಿತ್ತು, ಉತ್ತರದ ಹಣವನ್ನೂ ಮೊದಲೇ ತುಂಬಿ ಕಳಿಸುವುದು. ಪೂರಾ ತಾರನ್ನು ಮರಳಿ ಓದಿಸಿ ತಾಳೆ ನೋಡಿಸುವ ಏರ್ಪಾಡೂ ಹೆಚ್ಚಿನ ಹಣಕ್ಕೆ ಇತ್ತು. ಶಬ್ದಕ್ಕಿಷ್ಟು ಎಂದು ಹಣ ಎಣಿಸುವ ಮಾಸ್ತರರ ಸಂಬಳದಲ್ಲಿ ಅವನ್ನೆಲ್ಲ ಯಾರು ಮಾಡಿಸುತ್ತಾರೆ?

ಇಷ್ಟಕ್ಕೇ ನಾನು ಕಥೆ ಮುಗಿಯಿತು ಎಂದು ತಿಳಿದಿದ್ದೆ. ಮದುವೆಯಾದ ಮೇಲೆ ಅಣ್ಣತಮ್ಮಂದಿರಿಗೆ ಮಾತು ನಿಂತದ್ದು ನಮಗೆಲ್ಲ ಗೊತ್ತಿತ್ತು. ‘ಎರಡು ಸ್ಟಾಪ್ ಬರದಿದ್ದೆ’ ಎಂದು ಶಿಗ್ಗಾವಿ ಅಜ್ಜ, ‘ತಪ್ಪು ಬರದು ಈಗ ಮುಚ್ಚಗೋತಾನ’ ಎಂದು ನಮ್ಮ ಅಜ್ಜ. ಅಜ್ಜ ಸಾಯುವ ತನಕ ಅದು ಬಗೆಹರಿಯಲಿಲ್ಲ.

ಅತ್ತೆ ಕಾಗದವನ್ನು ಹುಡುಗಿಯ ಕೈಯಿಂದ ತೆಗೆದುಕೊಂಡು ಅದರ ನೆತ್ತಿಯ ಮೇಲೆ ಬೆರಳಿಟ್ಟಳು. ಅಲ್ಲಿ ಒಂದು ಅಂಕಿ ಇತ್ತು: 14. ಪ್ರತಿ ತಾರಿನ ತಲೆಯ ಮೇಲೆ ವಿಳಾಸವೂ ಸೇರಿ ಒಟ್ಟು ಎಷ್ಟು ಶಬ್ದಗಳಿವೆ ಎಂದು ಬರೆಯುತ್ತಿದ್ದರು. ದಾರಿಯಲ್ಲಿ ಏನಾದರೂ ಉದುರಿದರೆ ತಿಳಿಯಲಿ ಎಂದೇ ಆ ಲೆಕ್ಕ.

‘ಎಣಸು’ ಅಂದಳು.

ನಾನು ಎಣಿಸಿದೆ. ವಿಳಾಸ ನಾಲ್ಕು, ಒಕ್ಕಣೆ ಒಂಬತ್ತು. 13.

‘ಯಾವಾಗ ಎಣಸಿದಿ ಅತ್ತಿ?’

‘ಮದುವಿಯಾಗಿ ಒಂದು ವರ್ಷಕ್ಕ. ಬಾಣಂತನಕ್ಕ ಹಾನಗಲ್ಲಿಗೆ ಹೋಗಿದ್ನೆಲ್ಲ, ಮಾಡದಾಗ ಬಿದ್ದಿತ್ತು ಕಾಗದ. ಮಲಗಿದಲ್ಲೇ ಎಣಸಿದೆ. ಅಪ್ಪಗ ತೋರಸಲಿಲ್ಲ. ತೋರಸಿದ್ರ ಅವನ ಎದಿ ಒಡೀತಿತ್ತು. ಅವ ಹ್ವಾದ ಮ್ಯಾಲೆ ಕಾಕಾ ಇಲ್ಲಿಗೆ ಬಂದಿದ್ದ. ಅವಗ ತೋರಸಿ ಹೇಳಿದೆ, ನೀ ಸುಳ್ಳ ಹೇಳಿಲ್ಲ ಕಾಕಾ ಅಂತ. ಅಷ್ಟು ದೊಡ್ಡ ಮನಷ್ಯಾ, ಮಕ್ಕಳಂಗ ಅತ್ತ.’

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅತ್ತೆಯ ಸಂಸಾರ ಕೆಟ್ಟದ್ದೇನೂ ಆಗಿರಲಿಲ್ಲ. ಮಾವ ಸಾಧು ಮನುಷ್ಯ, ನಾಲ್ಕು ಮಕ್ಕಳು, ದನಕರು, ಸುಗ್ಗಿಯಲ್ಲಿ ಮನೆ ತುಂಬ ಜನ. ಆದರೆ ಅವಳು ಮೊಮ್ಮಕ್ಕಳಿಗೆ ಪಾಟಿ ಹಿಡಿಸಿ ಕಲಿಸುವ ರೀತಿ ನೋಡಿದವರು ಇವಳು ಮಾಸ್ತರಬಾಯಿ ಆಗಬೇಕಾಗಿತ್ತು ಅನ್ನುತ್ತಿದ್ದರು. ಅವಳು ನಕ್ಕು ಸುಮ್ಮನಾಗುತ್ತಿದ್ದಳು.

ಹುಡುಗಿ ಮೆಲ್ಲಗೆ ಕೇಳಿದಳು: ‘ಅಜ್ಜಿ, ಆ ವಕೀಲರು ಓದುವಾಗ ನೀವು ಅಲ್ಲೇ ಇದ್ರೇನು?’

‘ನಡುಮನಿ ಬಾಗಿಲ ಹಿಂದ ನಿಂತಿದ್ದೆ. ಅಪ್ಪ ಅಂದ, ಇದೇನೋ ಸರಿ ಹೊಂದವಲ್ದಲ್ಲ ಅಂತ. ನನಗ ಅನಿಸಿತ್ತು, ಕಾಕಾ ಸವಣೂರಿಗೇ ಕೊಡಬೇಕು ಅಂತ ಇದ್ದಾವ, ಹಿರೇಕೆರೂರಿಗೆ ಯಾಕ ಕರೀತಾನ ಅಂತ. ಒಂದು ಮಾತು ಶಿಗ್ಗಾವಿಗೆ ಕೇಳಿಸ್ರಿ ಅನಬೇಕಂದೆ. ಅನಲಿಲ್ಲ. ನನ್ನ ಯಾರೂ ಕೇಳಲೂ ಇಲ್ಲ.’

ಅತ್ತೆ ಈಗಿಲ್ಲ. ಆ ಕಾಗದ ನನ್ನ ಹತ್ತಿರ ಇದೆ. ತಂಗಿಯ ಮಗಳು ಅದರ ಫೋಟೋ ತೆಗೆದುಕೊಂಡು ಹೋಗಿದ್ದಾಳೆ. ಅವಳ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗರು ಎರಡೆರಡು ಸಲ ಬಂದ ಚಿಹ್ನೆಯನ್ನು ಕಂಡು ಕೈತಪ್ಪೆಂದು ಅಳಿಸಹೋದಾಗ ಮೊದಲು ಇದನ್ನು ತೋರಿಸುತ್ತಾಳಂತೆ. ನಾನೂ ಈಗ ಮೊಬೈಲಿನಲ್ಲಿ ಬಂದ ಒಕ್ಕಣೆ ಗೋಜಲಾಗಿದ್ದರೆ ಅರ್ಥ ಊಹಿಸುತ್ತ ಕೂಡುವುದಿಲ್ಲ. ಫೋನು ಹಚ್ಚಿ ‘ಏನಂತ ಬರದೀ?’ ಎಂದು ಕೇಳಿಬಿಡುತ್ತೇನೆ. ಮನೆಯಲ್ಲಿ ಹುಡುಗಿಯ ವಿಷಯ ಇದ್ದರೆ ಹುಡುಗಿಯನ್ನೂ ಕರೆದು ಕೇಳುತ್ತೇನೆ.